ಕರಪತ್ರಕ್ಕೆ ಹೆಸರು ಬೇಕು, ಫಾರ್ವರ್ಡಿಗೆ ಯಾಕೆ ಬೇಡ?

ಚುನಾವಣೆ ಹತ್ತಿರ ಬಂತೆಂದರೆ ರಾಜಾಜಿನಗರದ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಒಂದು ಕಾಲದಲ್ಲಿ ಪುರುಸೊತ್ತೇ ಇರುತ್ತಿರಲಿಲ್ಲ. ಹಳದಿ ಕಾಗದ, ಗುಲಾಬಿ ಕಾಗದ, ಮೇಲೆ ಪುಢಾರಿಯ ಫೋಟೋ, ಕೆಳಗೆ ಕೈಮುಗಿದು ಕೇಳಿಕೊಂಡ ನಾಲ್ಕು ಸಾಲು. ಬೆಳಿಗ್ಗೆ ಹಾಲಿನ ಬೂತಿನ ಮುಂದೆ, ಸಂಜೆ ನವರಂಗ್ ಬಸ್ ಸ್ಟಾಪಿನಲ್ಲಿ ಹಂಚಿಕೆ. ಓದಿದವರು ಕಡಿಮೆ, ಕಡಲೆಕಾಯಿ ಕಟ್ಟಿಸಿಕೊಂಡವರೇ ಜಾಸ್ತಿ. ಆದರೂ ಆ ಕಾಗದವನ್ನು ತಿರುಗಿಸಿ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಕೆಳಗಿನ ಮೂಲೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ಮುದ್ರಕರ ಹೆಸರು, ಪ್ರಕಾಶಕರ ಹೆಸರು, ವಿಳಾಸ ಇದ್ದೇ ಇರುತ್ತಿತ್ತು.

ಅದು ಶೋಕಿಗೆ ಹಾಕಿದ್ದಲ್ಲ. 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣೆಯ ಕರಪತ್ರ, ಪೋಸ್ಟರು ಯಾವುದೇ ಆಗಲಿ, ಹೆಸರು-ವಿಳಾಸವಿಲ್ಲದೆ ಅಚ್ಚು ಹಾಕುವಂತಿಲ್ಲ. ಪ್ರಕಾಶಕ ತಾನು ಇಂಥವನೆಂದು ಬರೆದು ಸಹಿ ಹಾಕಬೇಕು. ಅವನನ್ನು ಖುದ್ದು ಬಲ್ಲ ಇಬ್ಬರು ಸಾಕ್ಷಿ ಹಾಕಬೇಕು. ತಪ್ಪಿದರೆ 6 ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ಜುಲ್ಮಾನೆ, ಇಲ್ಲವೇ ಎರಡೂ. ಸಾವಿರ ಪ್ರತಿಯ ಒಂದು ಕರಪತ್ರಕ್ಕೆ ಇಷ್ಟೆಲ್ಲ ಕಟ್ಟುಪಾಡು.

ಈಗ ಬನ್ನಿ ಕೆಂಗೇರಿ ಬಸ್ಸಿಗೆ. ಸಂಜೆ ಏಳು ಗಂಟೆ, ಮೈಸೂರು ರಸ್ತೆಯಲ್ಲಿ ಗಾಡಿ ಆಮೆ ನಡಿಗೆ. ಕೂತವರ ಕೈಯಲ್ಲೂ ಮೊಬೈಲು, ನಿಂತವರ ಕೈಯಲ್ಲೂ ಮೊಬೈಲು. "ತಕ್ಷಣ ಎಲ್ಲರಿಗೂ ಕಳಿಸಿ" ಎಂಬ ಒಂದು ಮೆಸೇಜು ಬರುತ್ತದೆ. ಯಾರು ಬರೆದದ್ದು? ಗೊತ್ತಿಲ್ಲ. ಯಾರು ದುಡ್ಡು ಕೊಟ್ಟದ್ದು? ಗೊತ್ತಿಲ್ಲ. ನಾಯಂಡಹಳ್ಳಿಯಲ್ಲಿ ಬಂದ ಮೆಸೇಜು ರಾಜರಾಜೇಶ್ವರಿ ನಗರದ ಕಮಾನು ದಾಟುವುದರೊಳಗೆ ನೂರು ಮನೆ ಸೇರಿರುತ್ತದೆ. ಕರಪತ್ರಕ್ಕೆ ಬೇಕಾದ ಇಬ್ಬರು ಸಾಕ್ಷಿಗಳು ಇಲ್ಲಿ ಯಾರಿಗೂ ಬೇಡ.

ಹೆಸರಿಲ್ಲದ ಮೆಸೇಜು ಅಂದರೆ ಧಣಿ ಇಲ್ಲದ ಮೆಸೇಜು ಅಂತ ಜನ ತಿಳಿದುಕೊಂಡಿದ್ದಾರೆ. ಅಲ್ಲೇ ಎಡವುತ್ತಿರುವುದು. ಮೆಸೇಜಿಗೆ ಧಣಿ ಕಾಣದೆ ಇರಬಹುದು. ಅದು ಓಡುವ ರಸ್ತೆಗೆ ಮಾತ್ರ ಧಣಿ ಇದ್ದಾನೆ. ರಸ್ತೆಯ ಗೇಟು ಎಷ್ಟು ಅಗಲ ಇರಬೇಕು ಅನ್ನುವುದು ಅವನ ಕೈಯಲ್ಲೇ ಇದೆ.

"ನಾಳೆ ಬಾ" ಕಾಲ

ಪುಕಾರು ಈ ಊರಿಗೆ ಹೊಸದಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದಿತ್ತು. ರಾತ್ರಿ ದೆವ್ವವೊಂದು ಬಂದು ಗೊತ್ತಿದ್ದವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಕಥೆ ಮುಗೀತು, ಬರಹ ಓದಿದರೆ ವಾಪಸು ಹೋಗುತ್ತದೆ ಎಂಬ ನಂಬಿಕೆ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ ಎಂಬುದೊಂದೇ ಸಮಾಧಾನ! 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿಯುತ್ತಾನೆಂಬ ಸುದ್ದಿ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು. ಆಗ ಮೊಬೈಲೂ ಇರಲಿಲ್ಲ, ವಾಟ್ಸಾಪೂ ಇರಲಿಲ್ಲ. ಲ್ಯಾಂಡ್‌ಲೈನು, ಎಸ್‌ಟಿಡಿ ಬೂತು, ಪಕ್ಕದ ಮನೆಯ ಕಾಂಪೌಂಡು, ಇಷ್ಟೇ.

ಹಾಗಿದ್ದರೆ ಈಗ ಹೊಸದೇನು? ಆಗಿನ ಗಾಳಿಸುದ್ದಿ ಮನುಷ್ಯನ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಹೇಳಿದವರ ಮುಖ ಕಾಣುತ್ತಿತ್ತು. "ಅಯ್ಯೋ, ಅವಳ ಮಾತು ಕಟ್ಕೊಂಡು ಏನು" ಅಂತ ತಳ್ಳಿಹಾಕುವ ಅವಕಾಶವಿತ್ತು. ಅದಕ್ಕಿಂತ ಮುಖ್ಯ, ಆ ಪುಕಾರಿನಿಂದ ಯಾವ ಕಂಪನಿಗೂ ಬಿಡಿಗಾಸು ಹುಟ್ಟುತ್ತಿರಲಿಲ್ಲ.

ಬದಲಾವಣೆಯ ಮೊದಲ ಪೆಟ್ಟು ನಗರಕ್ಕೆ ಬಿದ್ದದ್ದು 2012ರ ಆಗಸ್ಟ್‌ನಲ್ಲಿ. ಅಸ್ಸಾಮಿನ ಕೊಕ್ರಝಾರ್ ಕಡೆ ಗಲಭೆಯಾಗಿತ್ತು. ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಎಂದು ಎಸ್‌ಎಂಎಸ್‌ಗಳು ಹರಿದಾಡಿದವು. ಹೋಟೆಲಿನ ಹುಡುಗರು, ಸೆಕ್ಯುರಿಟಿ ಕೆಲಸದವರು, ಬ್ಯೂಟಿ ಪಾರ್ಲರಿನ ಹೆಣ್ಣುಮಕ್ಕಳು, ಕಾಲೇಜು ವಿದ್ಯಾರ್ಥಿಗಳು ಗಂಟುಮೂಟೆ ಹೊತ್ತು ಸಿಟಿ ರೈಲ್ವೆ ನಿಲ್ದಾಣಕ್ಕೆ ಓಡಿದರು. ಸಾವಿರಾರು ಜನ. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಮಂತ್ರಿಗಳು ನಿಲ್ದಾಣಕ್ಕೇ ಹೋಗಿ ಧೈರ್ಯ ಹೇಳಿದರೂ ರೈಲು ಹತ್ತುವವರು ನಿಲ್ಲಲಿಲ್ಲ.

ಆಗಸ್ಟ್ 17ರಂದು ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್ ಮೇಲೆ 15 ದಿನ ನಿಷೇಧ ಹಾಕಿತು. ದಿನಕ್ಕೆ ಒಬ್ಬರು 5 ಮೆಸೇಜಿಗಿಂತ ಹೆಚ್ಚು ಕಳಿಸುವಂತಿಲ್ಲ ಎಂದಿತು. ಆಮೇಲೆ ಅದನ್ನು 20ಕ್ಕೆ ಏರಿಸಿತು. ಈ 5 ಎಂಬ ಅಂಕಿ ಓದುಗರ ನೆನಪಿನಲ್ಲಿರಲಿ. ಆರು ವರ್ಷದ ನಂತರ ಅದೇ ಅಂಕಿ ಮತ್ತೆ ಬಂತು. ಆದರೆ ಆ ಸಲ ಹುಕುಂ ಹೊರಡಿಸಿದ್ದು ಸರ್ಕಾರವಲ್ಲ.

ಕರಾಚಿಯಿಂದ ಪೆನ್ಷನ್ ಮೊಹಲ್ಲಾಕ್ಕೆ

2018ರ ಮೇ 23. ವಿಧಾನಸೌಧದ ಮುಂದೆ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡ ದಿನ. ದೇಶದ ವಿರೋಧ ಪಕ್ಷಗಳ ನಾಯಕರೆಲ್ಲ ಅಲ್ಲಿ ಕೈಕೈ ಹಿಡಿದು ನಿಂತಿದ್ದರು. ಅದೇ ದಿನ ಚಾಮರಾಜಪೇಟೆ ಬಳಿಯ ಪೆನ್ಷನ್ ಮೊಹಲ್ಲಾದಲ್ಲಿ ರಾಜಸ್ಥಾನದಿಂದ ಕೂಲಿ ಹುಡುಕಿಕೊಂಡು ಬಂದಿದ್ದ 26 ವರ್ಷದ ಬಡಪಾಯಿಯೊಬ್ಬನನ್ನು ಮಕ್ಕಳ ಕಳ್ಳನೆಂದು ಹಿಡಿದು, ಹಗ್ಗದಲ್ಲಿ ಕಟ್ಟಿ, ಕ್ರಿಕೆಟ್ ಬ್ಯಾಟಿನಿಂದ ಹೊಡೆದರು. ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ಅವನ ಪ್ರಾಣ ಹೋಯಿತು. ಅವನು ಯಾವ ಮಗುವನ್ನೂ ಕದ್ದಿರಲಿಲ್ಲ. ಆ ದಿನಗಳಲ್ಲಿ ಅಂಥ ಅಪಹರಣವೇ ನಡೆದಿಲ್ಲವೆಂದು ಪೊಲೀಸರು ಬಾಯಿ ಬಡಿದುಕೊಳ್ಳುತ್ತಿದ್ದರು.

ಕೆಂಗೇರಿ, ವಿಜಯನಗರದಿಂದ ಮಾರ್ಕೆಟ್ಟಿಗೆ ಹೋಗುವವರು ದಿನಾ ಸಿರ್ಸಿ ವೃತ್ತದ ಮೇಲುಸೇತುವೆ ಹತ್ತುತ್ತಾರೆ. ಆ ಜಾಗ ಅಲ್ಲಿಂದ ಕೂಗಳತೆ. ಹೊಡೆದವರು ಹೊರಗಿನಿಂದ ಬಂದ ರೌಡಿಗಳಲ್ಲ. ಅದೇ ಬೀದಿಯ ನಿವಾಸಿಗಳು. ಬಂಧಿತರಲ್ಲಿ ಹೆಂಗಸರೂ ಇದ್ದರು.

ಆ ಜನರ ತಲೆಗೆ ಭೂತ ಹೊಕ್ಕಿದ್ದು ಎಲ್ಲಿಂದ? ವಾಟ್ಸಾಪಿನ ವಿಡಿಯೋಗಳಿಂದ. ಅವುಗಳಲ್ಲಿ ಹೆಚ್ಚು ಓಡಿದ್ದು, ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಬೆಂಗಳೂರಿನದ್ದಲ್ಲ, ಭಾರತದ್ದೂ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗೆ ದುಡಿಯುವ ಸಂಸ್ಥೆಯೊಂದಕ್ಕಾಗಿ ತೆಗೆದ ಜಾಗೃತಿ ಚಿತ್ರ ಅದು. ಮೂಲ ಚಿತ್ರದಲ್ಲಿ ಆ ಇಬ್ಬರು ಮಗುವನ್ನು ವಾಪಸು ತಂದು ಬಿಟ್ಟು, ಮಕ್ಕಳ ಮೇಲೆ ನಿಗಾ ಇಡಿ ಎಂಬ ಅರ್ಥದ ಫಲಕ ತೋರಿಸುತ್ತಾರೆ. ಯಾರೋ ಮಹಾನುಭಾವ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದ. ಅದಕ್ಕೆ ಕನ್ನಡ, ತಮಿಳು, ತೆಲುಗಿನಲ್ಲಿ ಹೊಸ ಒಕ್ಕಣೆ ಸೇರಿತು. ಕತ್ತರಿ ಹಾಕಿದವನು ಯಾರೆಂದು ಪತ್ತೆಯಾಗಲಿಲ್ಲ.

ಇದಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ 32 ವರ್ಷದ ಎಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ಗೆಳೆಯರ ಜತೆ ಬಂದಿದ್ದಾಗ ಅವರಲ್ಲೊಬ್ಬರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಯಿತು. ಹಿಂದಿನ ಊರಿನಿಂದ ವಾಟ್ಸಾಪ್ ಗುಂಪಿಗೆ ಫೋಟೋ ಬಂತು. ಕಾರು ಮುಂದಿನ ಊರು ತಲುಪುವ ಮೊದಲೇ ಮೆಸೇಜು ತಲುಪಿ, ರಸ್ತೆಗೆ ಅಡ್ಡ ಹಾಕಿಯಾಗಿತ್ತು.

ಗೇಟು ಯಾರ ಕೈಯಲ್ಲಿತ್ತು?

ಆ ವರ್ಷ ದೇಶದ ಹಲವು ಕಡೆ ಇಂಥ ಕೊಲೆಗಳಾದವು. ದೆಹಲಿ ಸರ್ಕಾರ ಗದರಿತು. ಆಗ ವಾಟ್ಸಾಪ್ ಕಂಪನಿ ಪತ್ರಿಕೆಗಳಲ್ಲಿ ಪುಟದಷ್ಟು ಜಾಹೀರಾತು ಕೊಟ್ಟು ಜನರಿಗೆ ಬುದ್ಧಿವಾದ ಹೇಳಿತು. ಮುರ್ಕಿಯ ಕೊಲೆ ನಡೆದು ಒಂದು ವಾರದಲ್ಲಿ ಇನ್ನೊಂದು ಪ್ರಕಟಣೆ ಹೊರಡಿಸಿತು. ಭಾರತದಲ್ಲಿ ಇನ್ನು ಮುಂದೆ ಒಂದು ಮೆಸೇಜನ್ನು ಒಂದು ಸಲಕ್ಕೆ 5 ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದು! 2019ರ ಜನವರಿಯಲ್ಲಿ ಈ ಮಿತಿ ಜಗತ್ತಿಗೆಲ್ಲ ಬಂತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಹಲವು ಕೈ ದಾಟಿ ಬಂದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು ಎಂದಾಯಿತು. ಅದರಿಂದ ಅಂಥ ಮೆಸೇಜುಗಳ ಓಟ ನೂರಕ್ಕೆ 70ರಷ್ಟು ತಗ್ಗಿತೆಂದು ಕಂಪನಿಯೇ ಹೇಳಿಕೊಂಡಿತು.

ಒಳ್ಳೆಯದಾಯಿತು, ಸರಿ. ಆದರೆ ಲೆಕ್ಕ ಗೊತ್ತಿರುವ ಅಂಗಡಿಯವರು ಒಂದು ಪ್ರಶ್ನೆ ಕೇಳಬೇಕು. ಗೇಟು ಸಣ್ಣದು ಮಾಡಿದರೆ ವದಂತಿ 70 ಪಾಲು ತಗ್ಗುತ್ತದೆ ಅಂದಮೇಲೆ ಅದನ್ನು ಅಷ್ಟು ಅಗಲ ಇಟ್ಟದ್ದು ಯಾರು? ಪೆನ್ಷನ್ ಮೊಹಲ್ಲಾದ ಆ ದಿನವೂ ಗೇಟಿನ ಬೀಗ ಇದ್ದದ್ದು ಅವರ ಜೇಬಿನಲ್ಲೇ ಅಲ್ಲವೇ? ಸಾವಿರಾರು ಮೈಲಿ ದೂರದ ಕ್ಯಾಲಿಫೋರ್ನಿಯಾದ ಒಂದು ಕಚೇರಿಯಲ್ಲಿ ಅಂಕಿ ಬದಲಾದರೆ ಬೀದರಿನ ಹಳ್ಳಿಯಲ್ಲಿ ಸುದ್ದಿಯ ಓಟ ಬದಲಾಗುತ್ತದೆ. ರಸ್ತೆಗೆ ಧಣಿ ಇದ್ದಾನೆ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಧಣಿ ಯಾರು ಅಂತಲೂ ತಿಳಿದಿರಲಿ. 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಕಂಪನಿ ವಾಟ್ಸಾಪನ್ನು 1,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆಗ ವಾಟ್ಸಾಪಿನಲ್ಲಿ ಇದ್ದ ನೌಕರರು ಸುಮಾರು 55 ಜನ. ಬಳಸುವವರು 45 ಕೋಟಿ. ಇನ್‌ಸ್ಟಾಗ್ರಾಂ 2012ರಲ್ಲೇ ಅದೇ ಬುಟ್ಟಿಗೆ ಬಿದ್ದಿತ್ತು. 2021ರಲ್ಲಿ ಕಂಪನಿಯ ಹೆಸರು ಮೆಟಾ ಎಂದಾಯಿತು. ಷೇರುಪೇಟೆಯಲ್ಲಿ ಯಾರು ಬೇಕಾದರೂ ಅದರ ಷೇರು ಕೊಳ್ಳಬಹುದು. ಆದರೆ ಮಾರ್ಕ್ ಜುಕರ್‌ಬರ್ಗ್ ಇಟ್ಟುಕೊಂಡಿರುವ ಬಗೆಯ ಷೇರಿಗೆ ಒಂದಕ್ಕೆ 10 ಮತ. ಹಾಗಾಗಿ ಮತದ ಬಹುಪಾಲು ಒಬ್ಬರದ್ದೇ. ಮಿಕ್ಕವರೆಲ್ಲ ಸೇರಿ ಬೇಡವೆಂದರೂ ಆ ಒಬ್ಬರು ಬೇಕೆಂದದ್ದೇ ನಡೆಯುತ್ತದೆ.

ಕಣ್ಣಳತೆಯ ಅಟ್ಟ

ಕಂಪನಿಗಳವರ ಮಾಮೂಲಿ ಉತ್ತರ ಒಂದಿದೆ. ತಾವು ಬರೀ ಅಂಚೆಯವರು, ಕಾಗದದಲ್ಲಿ ಏನು ಬರೆದಿದೆಯೋ ತಮಗೆ ಸಂಬಂಧವಿಲ್ಲ. ವಾಟ್ಸಾಪಿನ ಮಟ್ಟಿಗೆ ಅದರಲ್ಲಿ ಸ್ವಲ್ಪ ನಿಜ ಇದೆ. 2016ರಿಂದ ಅಲ್ಲಿನ ಮೆಸೇಜುಗಳಿಗೆ ಬೀಗಮುದ್ರೆ ಇದೆ. ಕಳಿಸಿದವರು, ತೆಗೆದುಕೊಂಡವರು ಬಿಟ್ಟರೆ ಕಂಪನಿಯೂ ಓದಲಾಗದು.

ಫೇಸ್‌ಬುಕ್ ಮಾತು ಬೇರೆ. ಬಸವೇಶ್ವರನಗರದ ಹಾವನೂರು ವೃತ್ತದ ಬಳಿಯ ದಿನಸಿ ಅಂಗಡಿಯವರನ್ನು ಕೇಳಿ, ವಿಜಯನಗರದ ಮಾರುತಿ ಮಂದಿರದ ಬಳಿಯ ಅಂಗಡಿಯವರನ್ನು ಕೇಳಿ, ಯಾರೂ ಹೇಳುತ್ತಾರೆ. ಗಿರಾಕಿಯ ಕಣ್ಣಳತೆಯ ಅಟ್ಟದಲ್ಲಿಟ್ಟ ಸೋಪು ಖರ್ಚಾಗುತ್ತದೆ. ಕೆಳಗಿನ ಅಟ್ಟದ್ದು ಧೂಳು ತಿನ್ನುತ್ತದೆ. ಆ ಜಾಗಕ್ಕಾಗಿಯೇ ಕಂಪನಿ ಏಜೆಂಟರು ಸ್ಕೀಮು ಕೊಡುತ್ತಾರೆ. ಫೇಸ್‌ಬುಕ್ಕಿನಲ್ಲಿ ಯಾರ ಬರಹ ಕಣ್ಣಳತೆಯಲ್ಲಿ, ಯಾರದ್ದು ಕೆಳಗೆ ಅಂತ ನಿರ್ಧರಿಸುವುದು ಧಣಿಯ ಲೆಕ್ಕಾಚಾರ. ಜನ ಹೆಚ್ಚು ಹೊತ್ತು ನೋಡಿದಷ್ಟೂ ಜಾಹೀರಾತು ಜಾಸ್ತಿ. 2024ರಲ್ಲಿ ಮೆಟಾ ಗಳಿಸಿದ್ದು 16,000 ಕೋಟಿ ಡಾಲರಿಗೂ ಮೇಲೆ. ಅದರಲ್ಲಿ ನೂರಕ್ಕೆ 97ಕ್ಕೂ ಹೆಚ್ಚು ಪಾಲು ಜಾಹೀರಾತಿನದ್ದು. ಸಮಾಧಾನದ ಮಾತಿಗಿಂತ ಸಿಟ್ಟಿನ ಮಾತನ್ನು ಜನ ನಿಂತು ನೋಡುತ್ತಾರೆ. ಸುಳ್ಳು ಸಾಮಾನ್ಯವಾಗಿ ಸಿಟ್ಟಿನ ಜತೆಗೇ ಬರುತ್ತದೆ.

ಅಂಚೆಯವನಿಗೆ ಊರಿನಲ್ಲಿ ವ್ಯಾಪಾರವೂ ಇದ್ದರೆ? 2020ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ 43,574 ಕೋಟಿ ರೂಪಾಯಿ ಕೊಟ್ಟು ಜಿಯೋ ಪ್ಲಾಟ್‌ಫಾರ್ಮ್ಸ್‌ನ ನೂರಕ್ಕೆ 9.99 ಪಾಲು ತೆಗೆದುಕೊಂಡಿತು. ಅದೇ ಆಗಸ್ಟ್‌ನಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಒಂದು ವರದಿ ಬರೆಯಿತು. ತೆಲಂಗಾಣದ ಆಡಳಿತ ಪಕ್ಷದವರೆನ್ನಬೇಡಿ, ಕೇಂದ್ರದ ಆಡಳಿತ ಪಕ್ಷಕ್ಕೆ ಸೇರಿದ ಅಲ್ಲಿನ ಶಾಸಕರೊಬ್ಬರ ದ್ವೇಷದ ಬರಹಗಳ ಮೇಲೆ ಕ್ರಮ ಬೇಡ, ವ್ಯಾಪಾರಕ್ಕೆ ಪೆಟ್ಟಾಗುತ್ತದೆ ಎಂದು ಕಂಪನಿಯ ಭಾರತದ ಹಿರಿಯ ಅಧಿಕಾರಿಯೊಬ್ಬರು ತಡೆದರು ಅನ್ನುವುದು ಅದರ ಸಾರ. ಪಕ್ಷ ನೋಡಿ ಕ್ರಮ ಕೈಗೊಳ್ಳುವುದಿಲ್ಲವೆಂದು ಕಂಪನಿ ಉತ್ತರ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಆ ಶಾಸಕರ ಖಾತೆ ಮುಚ್ಚಿತು. ಅಕ್ಟೋಬರ್‌ನಲ್ಲಿ ಆ ಅಧಿಕಾರಿ ಕೆಲಸ ಬಿಟ್ಟರು.

ಹಕ್ಕಿಯ ಧಣಿ ಬದಲಾದಾಗ

ಇನ್ನು ಟ್ವಿಟರ್. ಪುಢಾರಿಗಳ ಅಚ್ಚುಮೆಚ್ಚಿನ ಕಟ್ಟೆ ಅದು. 2022ರ ಅಕ್ಟೋಬರ್ 27ರಂದು ಇಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಇಡೀ ಅಂಗಡಿಯನ್ನೇ ಕೊಂಡರು. ಒಂದೇ ವಾರದಲ್ಲಿ ಅರ್ಧದಷ್ಟು ನೌಕರರನ್ನು ಮನೆಗೆ ಕಳಿಸಿದರು. ಮುಂಚೆ ನೀಲಿ ಗುರುತು ಇದ್ದರೆ ಆಸಾಮಿ ಅಸಲಿ ಅಂತ ಅರ್ಥ. ಹೊಸ ಧಣಿಯ ಕಾಲದಲ್ಲಿ ತಿಂಗಳ ಬಾಡಿಗೆ ಕಟ್ಟಿದವರಿಗೆ ಗುರುತು. 2023ರ ಜುಲೈನಲ್ಲಿ ಹಕ್ಕಿ ಹಾರಿಹೋಗಿ ಎಕ್ಸ್ ಎಂಬ ಬೋರ್ಡು ಬಂತು. 2024ರ ಅಮೆರಿಕ ಚುನಾವಣೆಯಲ್ಲಿ ಧಣಿಯೇ ಬಹಿರಂಗವಾಗಿ ಟ್ರಂಪ್ ಪರ ನಿಂತು, 25 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿದರು. ಕಟ್ಟೆಯೂ ಅವರದ್ದೇ, ಮೈಕೂ ಅವರದ್ದೇ.

ಇದರ ಬಿಸಿ ಕರ್ನಾಟಕಕ್ಕೂ ತಟ್ಟಿತು. 2024ರ ಲೋಕಸಭೆ ಚುನಾವಣೆ. ಬೆಂಗಳೂರಿನವರು ಏಪ್ರಿಲ್ 26ರಂದು ಮತ ಹಾಕಿದ್ದರು. ಉತ್ತರದ ಜಿಲ್ಲೆಗಳು ಸೇರಿ ಮಿಕ್ಕ 14 ಕ್ಷೇತ್ರಗಳಿಗೆ ಮೇ 7ಕ್ಕೆ ಮತದಾನ. ಮೇ 4ರಂದು ರಾಜ್ಯ ಬಿಜೆಪಿಯ ಎಕ್ಸ್ ಖಾತೆಯಲ್ಲಿ ಮೀಸಲಾತಿ ಬಗ್ಗೆ ಒಂದು ಕಾರ್ಟೂನ್ ವಿಡಿಯೋ ಬಂತು. ಗೂಡಿನಲ್ಲಿ ಮೊಟ್ಟೆಗಳು, ರಾಹುಲ್ ಗಾಂಧಿ, ಸಿದ್ದರಾಮಯ್ಯನವರ ಚಿತ್ರ. ಕಾಂಗ್ರೆಸ್ ದೂರು ಕೊಟ್ಟಿತು. ಪೊಲೀಸ್ ಖಟ್ಲೆ ದಾಖಲಾಯಿತು. ಮೇ 5ರಂದೇ ಬೆಂಗಳೂರಿನ ಸೈಬರ್ ವಿಭಾಗದ ಮೂಲಕ ಅದನ್ನು ತೆಗೆಯಲು ಎಕ್ಸ್‌ಗೆ ಸೂಚನೆ ಹೋಗಿತ್ತು. ತೆಗೆಯಲಿಲ್ಲ. ಮೇ 7ರಂದು, ಜನ ಬೂತಿನ ಮುಂದೆ ಸಾಲು ನಿಂತಿದ್ದ ದಿನ, ಚುನಾವಣಾ ಆಯೋಗವೇ ತಕ್ಷಣ ತೆಗೆಯಿರಿ ಎಂದು ಕಂಪನಿಗೆ ಬರೆಯಬೇಕಾಯಿತು. ಅಷ್ಟರಲ್ಲಿ ನೋಡುವವರೆಲ್ಲ ನೋಡಿಯಾಗಿತ್ತು.

ಒಂದೇ ಪಕ್ಷ ಹೀಗೆ ಅಂತ ಯಾರೂ ಬೀಗಬೇಕಾಗಿಲ್ಲ. ಅದೇ ಏಪ್ರಿಲ್ ಕೊನೆಯಲ್ಲಿ, ಮೀಸಲಾತಿಯನ್ನೇ ತೆಗೆದುಹಾಕುತ್ತೇವೆಂದು ಗೃಹ ಸಚಿವ ಅಮಿತ್ ಶಾ ಹೇಳಿದಂತೆ ತಿರುಚಿದ ವಿಡಿಯೋ ಹರಿದಾಡಿತು. ಅದರಲ್ಲಿ ತೆಲಂಗಾಣ ಕಾಂಗ್ರೆಸ್ಸಿನವರ ಮೇಲೆ ದೆಹಲಿ ಪೊಲೀಸರ ಕೇಸಾಯಿತು. ಮುಖ್ಯಮಂತ್ರಿ ರೇವಂತ್ ರೆಡ್ಡಿಯವರಿಗೂ ನೋಟಿಸು ಹೋಯಿತು. ಪಕ್ಷ ಯಾವುದಾದರೇನು, ಓಡುವ ರಸ್ತೆ ಒಂದೇ.

ಹಾಗಾದರೆ ಸರ್ಕಾರಕ್ಕೇ ಪೂರ್ತಿ ಅಧಿಕಾರ ಕೊಟ್ಟುಬಿಡೋಣವೇ? ಈ ಜಗ್ಗಾಟ ನಡೆದದ್ದೂ ಬೆಂಗಳೂರಿನಲ್ಲೇ, ಅಂಬೇಡ್ಕರ್ ಬೀದಿಯ ಹೈಕೋರ್ಟಿನ ಕೆಂಪು ಕಟ್ಟಡದಲ್ಲಿ. ಕೆಲವು ಖಾತೆ, ಬರಹಗಳನ್ನು ಮುಚ್ಚಿಸಿದ ಕೇಂದ್ರದ ಆದೇಶಗಳ ವಿರುದ್ಧ ಟ್ವಿಟರ್ 2022ರ ಜುಲೈನಲ್ಲಿ ಇಲ್ಲಿ ಅರ್ಜಿ ಹಾಕಿತು. ಅರ್ಜಿ ಹಾಕಿದಾಗ ಒಬ್ಬ ಧಣಿ, ತೀರ್ಪು ಬಂದಾಗ ಇನ್ನೊಬ್ಬ. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಆದೇಶ ಪಾಲಿಸಲು ವರ್ಷಗಟ್ಟಲೆ ತಡಮಾಡುವುದಕ್ಕೆ ನೀವೇನು ಕಾನೂನು ತಿಳಿಯದ ರೈತರೇ, ದೊಡ್ಡ ಕಂಪನಿ ಎಂಬ ಅರ್ಥದಲ್ಲಿ ಚುರುಕು ಮುಟ್ಟಿಸಿದರು. 2025ರಲ್ಲಿ ಎಕ್ಸ್ ಮತ್ತೆ ಬಂತು. ಈ ಸಲ ಕೇಂದ್ರದ "ಸಹಯೋಗ್" ಪೋರ್ಟಲ್ ವಿರುದ್ಧ. ಅದರ ಮೂಲಕ ಅಧಿಕಾರಿಗಳು ಬರಹ ತೆಗೆಯಿರೆಂದು ಕಂಪನಿಗಳಿಗೆ ನೇರ ಸೂಚನೆ ಕಳಿಸಬಹುದು. ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಅರ್ಜಿಯನ್ನೂ ವಜಾ ಮಾಡಿದರು.

ಧಣಿ ಸೋತ ಅಂತ ಸಾಮಾನ್ಯರು ಚಪ್ಪಾಳೆ ತಟ್ಟುವ ಮುಂಚೆ ಒಂದು ಮಾತು ಯೋಚಿಸಬೇಕು. ಯಾವುದನ್ನು ತೆಗೆದರು, ಯಾಕೆ ತೆಗೆದರು ಅಂತ ಬರೆದವನಿಗೂ ಓದಿದವನಿಗೂ ತಿಳಿಯದೇ ಹೋದರೆ, ಗೇಟಿನ ಬೀಗ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದಂತೆ ಅಷ್ಟೇ. ಇಂದು ಸುಳ್ಳು ತೆಗೆಸುವ ಅಧಿಕಾರಿ ನಾಳೆ ಗುಂಡಿ ಬಿದ್ದ ರಸ್ತೆಯ ಫೋಟೋ ತೆಗೆಸಿದರೆ? ರಾಜ್ಯ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು 2025ರ ಜೂನ್‌ನಲ್ಲಿ ಹೊರಬಿದ್ದಾಗಲೂ ಇದೇ ಅಳುಕು ಎದ್ದಿತು. ಅದರಲ್ಲಿ 7 ವರ್ಷದವರೆಗೆ ಸಜೆಯ ಮಾತಿತ್ತು. ಯಾವುದು ಸುಳ್ಳು ಎಂದು ಹೇಳುವವರು ಯಾರು ಅನ್ನುವುದೇ ಎಲ್ಲರ ಪ್ರಶ್ನೆಯಾಯಿತು.

ನಮ್ಮೂರ ಹಳದಿ ಹಕ್ಕಿ

ಪರದೇಶದ ಧಣಿ ಬೇಡ, ನಮ್ಮವರೇ ರಸ್ತೆ ಕಟ್ಟಲಿ ಎಂಬ ಮಾತೂ ಇದೆ. ಕಟ್ಟಿ ನೋಡಿಯೂ ಆಗಿದೆ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಬೆಂಗಳೂರಿನಲ್ಲೇ 2020ರಲ್ಲಿ ಶುರು ಮಾಡಿದ "ಕೂ" ಮೊದಲು ಮಾತಾಡಿದ್ದು ಕನ್ನಡದಲ್ಲಿ. ಗುರುತು ಹಳದಿ ಹಕ್ಕಿ. 2021ರ ಫೆಬ್ರವರಿಯಲ್ಲಿ ರೈತ ಚಳವಳಿ ಕಾಲಕ್ಕೆ ಕೇಂದ್ರಕ್ಕೂ ಟ್ವಿಟರಿಗೂ ಜಟಾಪಟಿಯಾದಾಗ ಮಂತ್ರಿಗಳು, ಇಲಾಖೆಗಳು ಗುಳೆ ಎದ್ದಂತೆ ಕೂ ಕಡೆ ಬಂದರು. ಒಂದು ಹಂತದಲ್ಲಿ ದಿನಕ್ಕೆ 21 ಲಕ್ಷ ಜನ ಬಳಸುತ್ತಿದ್ದರು.

ಆದರೆ ಅದರ ಹಿಂದಿನ ಬಂಡವಾಳವೂ ಟೈಗರ್ ಗ್ಲೋಬಲ್‌ನಂಥ ದೊಡ್ಡ ಹೂಡಿಕೆದಾರರದ್ದೇ. ಪೇಟೆಯಲ್ಲಿ ಹಣ ಬತ್ತಿತು. ಮಾರಾಟದ ಮಾತುಕತೆಗಳು ಮುರಿದುಬಿದ್ದವು. 2024ರ ಜುಲೈ 3ರಂದು ಬಾಗಿಲು ಹಾಕುವುದಾಗಿ ಸ್ಥಾಪಕರು ತಿಳಿಸಿದರು. ಕನ್ನಡದಲ್ಲಿ ಬರೆದುಕೊಂಡಿದ್ದವರು ಮತ್ತೆ ಹಳೇ ಧಣಿಗಳ ಅಂಗಳಕ್ಕೇ ವಾಪಸಾದರು. ಧಣಿ ನಮ್ಮೂರಿನವನಾದರೂ ಅಂಗಡಿ ನಡೆಯುವುದು ದುಡ್ಡಿನ ಮೇಲೇ ಎಂಬ ಪಾಠವೊಂದು ಉಳಿಯಿತು.

ಮೊದಲು ಕಳಿಸಿದವನು ಯಾರು?

ಈಗ ಮತ್ತೆ ಕರಪತ್ರದ ವಿಷಯಕ್ಕೆ. ಫಾರ್ವರ್ಡಿಗೂ ಹೆಸರು ಬೇಕು ಎಂದು ಸರ್ಕಾರ ಹೇಳದೆ ಇಲ್ಲ. 2021ರ ಐಟಿ ನಿಯಮಗಳ ಪ್ರಕಾರ, ಕೋರ್ಟು ಅಥವಾ ಅಧಿಕಾರಿ ಆದೇಶಿಸಿದರೆ ಮೆಸೇಜನ್ನು ಮೊದಲು ಕಳಿಸಿದವರು ಯಾರೆಂದು ದೊಡ್ಡ ಕಂಪನಿಗಳು ಪತ್ತೆ ಕೊಡಬೇಕು. ವಾಟ್ಸಾಪ್ ಅದೇ ವರ್ಷ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಒಬ್ಬನನ್ನು ಹುಡುಕಬೇಕಾದರೆ ಎಲ್ಲರ ಕಾಗದಕ್ಕೂ ಗುರುತು ಹಾಕಬೇಕು, ಬೀಗಮುದ್ರೆ ಒಡೆಯಬೇಕು ಅನ್ನುವುದು ಅದರ ವಾದ. ಹಾಗೆ ಒಡೆಯಲೇಬೇಕೆಂದರೆ ಭಾರತ ಬಿಟ್ಟೇ ಹೋಗುತ್ತೇವೆ ಎಂದು 2024ರ ಏಪ್ರಿಲ್‌ನಲ್ಲಿ ಕೋರ್ಟಿಗೆ ಹೇಳಿತು. ಎರಡೂ ಕಡೆ ಹುರುಳಿದೆ. ಪೆನ್ಷನ್ ಮೊಹಲ್ಲಾದ ಸಾವಿಗೆ ಕಾರಣನಾದವನು ಸಿಗಬೇಕು. ಗಂಡ-ಹೆಂಡಿರ ಮಾತು, ವ್ಯಾಪಾರದ ಗುಟ್ಟು, ಡಾಕ್ಟರ ಚೀಟಿ ಬಯಲಾಗಬಾರದು.

ಕಾಸು ಕೊಟ್ಟು ಹಾಕಿಸುವ ಜಾಹೀರಾತಿನ ಮಟ್ಟಿಗೆ ಸ್ವಲ್ಪ ದಾರಿಯಾಗಿದೆ. 2019ರ ಫೆಬ್ರವರಿಯಿಂದ ಫೇಸ್‌ಬುಕ್ಕಿನಲ್ಲಿ ಭಾರತದ ರಾಜಕೀಯ ಜಾಹೀರಾತಿಗೆ ದುಡ್ಡು ಕೊಟ್ಟವರ ಹೆಸರು ಹಾಕಬೇಕು, ಯಾರು ಬೇಕಾದರೂ ನೋಡಬಹುದು. ಆದರೆ ಪಕ್ಷದ ಹೆಸರೇ ಇಲ್ಲದೆ ಸಾವಿರ ಗುಂಪುಗಳಿಗೆ ಬಿಟ್ಟ ಮೆಸೇಜು ಜಾಹೀರಾತಿನ ಲೆಕ್ಕಕ್ಕೆ ಬರುವುದಿಲ್ಲ. ಬಹಿರಂಗ ಪ್ರಚಾರ ಮುಗಿದ 48 ಗಂಟೆ ಮೈಕು ಸುಮ್ಮನಾಗುತ್ತದೆ. ಜೇಬಿನಲ್ಲಿರುವ ಮೊಬೈಲು ಸುಮ್ಮನಾಗುವುದಿಲ್ಲ.

ಇದೆಲ್ಲ ದೊಡ್ಡವರ ಆಟ ಅಂತ ಕೈಚೆಲ್ಲುವಂತಿಲ್ಲ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರುಗಳ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದು, ರಾಜಾಜಿನಗರ, ವಿಜಯನಗರದ ಕಡೆಯವರು ಪಶ್ಚಿಮ ಪಾಲಿಕೆಗೆ ಸೇರಿದರು. ವಾರ್ಡ್ ಚುನಾವಣೆ ಅಂದರೆ ಕೆಲವೇ ನೂರು ಮತಗಳಲ್ಲಿ ಹಣೆಬರಹ. ಅಲ್ಲಿ ಹಿಂದಿನ ರಾತ್ರಿ ಬಿಟ್ಟ ಒಂದು ಸುಳ್ಳು ಸಾಕು. ಕಸ ಎತ್ತಿಸುವವರು, ಚರಂಡಿ ಮಾಡಿಸುವವರು ಯಾರೆಂಬುದು ಐದು ವರ್ಷಕ್ಕೆ ತೀರ್ಮಾನವಾಗಿಬಿಡುತ್ತದೆ.

ಕೋರ್ಟು, ಕಂಪನಿ, ಸರ್ಕಾರ ಅವರವರ ಜಗಳ ಮುಗಿಸುವವರೆಗೆ ಗಿರಾಕಿಯ ಕೈಯಲ್ಲೂ ಒಂದು ಸಣ್ಣ ಗೇಟು ಇದೆ. ಮೆಸೇಜಿನ ತಲೆಯ ಮೇಲೆ ಒಂದು ಬಾಣದ ಗುರುತಿದ್ದರೆ ಅದು ಇನ್ನೊಬ್ಬರಿಂದ ಬಂದದ್ದು. ಎರಡು ಬಾಣವಿದ್ದರೆ ಕನಿಷ್ಠ ಐದು ಕೈ ದಾಟಿದೆ. ಕಳಿಸಿದ ಭಾವಮೈದುನನಿಗೋ ಪಕ್ಕದ ಅಂಗಡಿಯವನಿಗೋ ಅದನ್ನು ಬರೆದವರು ಯಾರೆಂದು ಗೊತ್ತೇ ಇರುವುದಿಲ್ಲ. ಐನೂರರ ನೋಟು ಬಂದರೆ ಬೆಳಕಿಗೆ ಹಿಡಿದು ನೋಡದ ವ್ಯಾಪಾರಿ ಈ ಕಡೆ ಯಾರೂ ಇಲ್ಲ. ಚಿಲ್ಲರೆ ಕೊಡುವ ಮುಂಚೆ ಕಂಡಕ್ಟರೂ ನೋಟು ತಿರುಗಿಸಿ ನೋಡುತ್ತಾನೆ. ಎರಡು ಬಾಣದ ಮೆಸೇಜನ್ನು ಮಾತ್ರ ಯಾರೂ ಬೆಳಕಿಗೆ ಹಿಡಿಯುವುದಿಲ್ಲ.

"ಇದನ್ನ ಬರೆದೋರು ಯಾರಪ್ಪಾ?" ಅಂತ ಒಂದು ಮಾತು ಕೇಳಿದ್ದರೆ, 2018ರ ಆ ಬುಧವಾರ ಪೆನ್ಷನ್ ಮೊಹಲ್ಲಾದ ಬೀದಿಯಲ್ಲಿ ಉತ್ತರ ಯಾರ ಬಳಿಯೂ ಇರುತ್ತಿರಲಿಲ್ಲ. ಉತ್ತರ ಇಲ್ಲ ಅಂತ ಗೊತ್ತಾಗಿದ್ದರೆ ಬ್ಯಾಟು ಎತ್ತಿದ ಕೈ ಕೆಳಗಿಳಿಯುತ್ತಿತ್ತೋ ಏನೋ.